ಯಾವ ಹವಳದ ದಿಬ್ಬಕ್ಕೆ ರಕ್ಷಣೆ?

ಹವಳದ ದಿಬ್ಬಗಳು ಸಾಗರತಳದ ಶೇಕಡ 1ಕ್ಕಿಂತಲೂ ಕಡಿಮೆ ಜಾಗವನ್ನು ಆವರಿಸಿವೆ. ಆದರೂ ಕಡಲಜೀವಿಗಳ ಸುಮಾರು ಕಾಲು ಭಾಗದಷ್ಟು ಪ್ರಭೇದಗಳಿಗೆ ಅವೇ ಆಸರೆ. ಅತಿಯಾದ ಮೀನುಗಾರಿಕೆ, ಮಿತಿಯಿಲ್ಲದ ಪ್ರವಾಸೋದ್ಯಮ ಮತ್ತು ಕಾವೇರುತ್ತಿರುವ ಸಮುದ್ರದಿಂದ ಅವು ನಲುಗುತ್ತಿವೆ. ಎಲ್ಲ ದಿಬ್ಬಗಳನ್ನೂ ಕಾಯುವಷ್ಟು ಹಣವಾಗಲಿ, ಸಿಬ್ಬಂದಿಯಾಗಲಿ ಯಾವ ಸರ್ಕಾರದ ಬಳಿಯೂ ಇಲ್ಲ. ಆದ್ದರಿಂದ ಆಯ್ಕೆ ಅನಿವಾರ್ಯ. ಆ ಆಯ್ಕೆಯ ಮಾನದಂಡ ಯಾವುದು, ಅದರ ಬೆಲೆ ತೆರುವವರು ಯಾರು ಎಂಬುದೇ ಪ್ರಶ್ನೆ.

ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಬಲ್ಲಂತೆ, ಸಂರಕ್ಷಿತ ಪ್ರದೇಶದ ಗೆರೆ ಸಾಮಾನ್ಯವಾಗಿ ವಿರೋಧ ಕಡಿಮೆ ಇರುವ ಕಡೆಗೇ ಸರಿಯುತ್ತದೆ. ನಕ್ಷೆಯಲ್ಲಿ ವಿಸ್ತೀರ್ಣ ಹೆಚ್ಚುತ್ತದೆ. ನಿಜವಾದ ಒತ್ತಡವಿರುವ ಜಾಗ ಮಾತ್ರ ಹೊರಗೇ ಉಳಿಯುತ್ತದೆ.

ಆಸ್ಟ್ರೇಲಿಯಾ ಇದಕ್ಕೆ ಭಿನ್ನವಾದ ಹಾದಿ ಹಿಡಿಯಿತು. ಗ್ರೇಟ್ ಬ್ಯಾರಿಯರ್ ರೀಫ್ ಪ್ರದೇಶವನ್ನು ಅದು 70 ಜೈವಿಕ ವಲಯಗಳನ್ನಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಕನಿಷ್ಠ ಶೇಕಡ 20 ಭಾಗದಲ್ಲಿ ಮೀನುಗಾರಿಕೆ ಇರಬಾರದೆಂಬ ತತ್ವವನ್ನು ಮೊದಲು ಒಪ್ಪಿಕೊಂಡಿತು. ನಕ್ಷೆ ಬಂದದ್ದು ಆನಂತರ. 2004ರಲ್ಲಿ ನಿಷೇಧಿತ ಪ್ರದೇಶ ಶೇಕಡ 5ಕ್ಕೂ ಕಡಿಮೆಯಿದ್ದದ್ದು ಶೇಕಡ 33ಕ್ಕೆ ಏರಿತು. ಮೀನುಗಾರಿಕಾ ವಲಯಕ್ಕೆ ನೀಡಿದ ಪರಿಹಾರ ಮೊದಲ ಅಂದಾಜನ್ನು ಬಹುವಾಗಿ ಮೀರಿ 20 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳನ್ನು ದಾಟಿತು. ನಿಷೇಧವಿದ್ದ ಕಡೆ ಮೀನಿನ ಸಂತತಿಯೇನೋ ವೃದ್ಧಿಸಿತು. ಆದರೆ 2016ರ ಬಿಸಿಗೆ ಹವಳಗಳು ಬಿಳಿಚಿಕೊಂಡಾಗ ರಕ್ಷಿತ, ಅರಕ್ಷಿತ ಎಂಬ ಭೇದ ಉಳಿಯಲಿಲ್ಲ.

ಹಾಗಾದರೆ ಆಯ್ಕೆ ವ್ಯರ್ಥವೇ? ಅಲ್ಲ. ಹೂಡಿಕೆದಾರನು ಹಣವನ್ನೆಲ್ಲ ಒಂದೇ ಕಡೆ ತೊಡಗಿಸದೆ ನಷ್ಟದ ಭಯವನ್ನು ಹಂಚಿಕೊಳ್ಳಬೇಕೆಂಬ ಹ್ಯಾರಿ ಮಾರ್ಕೋವಿಟ್ಜ್ ಅವರ 1952ರ ಸಿದ್ಧಾಂತವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ತಾಪಮಾನ ಏರಿಕೆಯಲ್ಲೂ ಬದುಕುಳಿಯುವ ಸಾಧ್ಯತೆ ಹೆಚ್ಚಿರುವ ದಿಬ್ಬಗಳನ್ನು ಗುರುತಿಸಲು ವಿಜ್ಞಾನಿಗಳು 2018ರಲ್ಲಿ ಇದೇ ಸಿದ್ಧಾಂತವನ್ನು ಬಳಸಿ, ಜಗತ್ತಿನಾದ್ಯಂತ 50 ಪ್ರದೇಶಗಳನ್ನು ಪಟ್ಟಿ ಮಾಡಿದರು. ತರ್ಕ ಸಮರ್ಪಕವೇ. ಆದರೆ ಈ ಲೆಕ್ಕದಲ್ಲಿ ಬೆಸ್ತರ ಅನ್ನ ತಾನಾಗಿ ಸೇರುವುದಿಲ್ಲ. ಅದನ್ನು ನಾವೇ ಸೇರಿಸಬೇಕು.

ನಮ್ಮಲ್ಲಿ ಈ ಲೋಪ ಎದ್ದು ಕಾಣುತ್ತದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 1986ರಲ್ಲಿ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಆ ದ್ವೀಪಗಳ ಸುತ್ತ ಕಡಲಕಳೆ ಕೊಯ್ದು ಬದುಕುತ್ತಿದ್ದ ಮಹಿಳೆಯರ ಪಾಲಿಗೆ ಅದು ನಿರ್ಬಂಧವಾಯಿತು. ಲಕ್ಷದ್ವೀಪದ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಅಲ್ಲಿಯ ಗಾಳ ಹಾಕುವ ಟ್ಯೂನಾ ಬೇಟೆಗೆ ಬೇಕಾದ ಎರೆಮೀನು ಸಿಗುವುದೇ ದಿಬ್ಬಗಳ ಒಳಗಿನ ತಿಳಿನೀರಿನಲ್ಲಿ. ಅಗತ್ತಿ, ಕಡಮತ್ ಮತ್ತು ಕವರತ್ತಿಗಳಲ್ಲಿ ಜೀವಂತ ಹವಳದ ಹೊದಿಕೆ 1998ರಲ್ಲಿ ಶೇಕಡ 37ರಷ್ಟಿದ್ದುದು 2022ರ ವೇಳೆಗೆ ಶೇಕಡ 19ಕ್ಕೆ ಕುಸಿದಿದೆ. ಆಳ ಮತ್ತು ಅಲೆಯ ಹೊಡೆತಕ್ಕೆ ಅನುಗುಣವಾಗಿ ಒಂದೊಂದು ದಿಬ್ಬ ಒಂದೊಂದು ಬಗೆಯಲ್ಲಿ ವರ್ತಿಸಿದೆ. ಒಂದೇ ಬಗೆಯ ದಿಬ್ಬವನ್ನು ಕಾದರೆ ಸಾಲದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಅಲ್ಲಿಗೆ ಪ್ರವಾಸಿಗರನ್ನು ಸೆಳೆಯುವ ಯೋಜನೆ ರೂಪಿಸುವವರು ಈ ಅಂಕಿಗಳನ್ನು ಮೊದಲು ಓದಬೇಕು.

ಮುರ್ಡೇಶ್ವರದಿಂದ ಸ್ಕೂಬಾ ಡೈವಿಂಗ್‌ಗೆಂದು ಜನ ತೆರಳುವ ನಮ್ಮ ನೇತ್ರಾಣಿಗೂ ಇದೇ ಮಾತು ಅನ್ವಯಿಸುತ್ತದೆ. ಅದೊಂದು ಪುಟ್ಟ ದ್ವೀಪ; ದಿನಕ್ಕೆಷ್ಟು ಮಂದಿ ಇಳಿಯಬಹುದು, ದೋಣಿಗಳು ಲಂಗರು ಎಲ್ಲಿ ಹಾಕಬಾರದು ಎಂಬ ಮಿತಿಯನ್ನು ಜನಸಂದಣಿ ಬೆಳೆಯುವ ಮೊದಲೇ ಗೊತ್ತುಪಡಿಸುವುದು ಅಗ್ಗ, ಆಮೇಲೆ ದುಬಾರಿ.

ಸರ್ಕಾರ ಮಾಡಬೇಕಾದದ್ದು ಇಷ್ಟು: ಆಯ್ಕೆಯ ತತ್ವವನ್ನು ನಕ್ಷೆಗೂ ಮುನ್ನ ಬಹಿರಂಗಪಡಿಸಲಿ, ದಿಬ್ಬವನ್ನು ಬಲ್ಲ ಬೆಸ್ತರನ್ನು ಗೆರೆ ಎಳೆಯುವ ಮೇಜಿನ ಬಳಿ ಕೂರಿಸಲಿ, ಅವರು ಕಳೆದುಕೊಳ್ಳುವ ಆದಾಯವನ್ನು ಬಜೆಟ್ಟಿನಲ್ಲೇ ತೋರಿಸಲಿ. ರಕ್ಷಣೆಯ ಲಾಭ ದೇಶಕ್ಕೆ, ವೆಚ್ಚ ಮಾತ್ರ ಬಡ ಮೀನುಗಾರನಿಗೆ ಎಂದಾದರೆ ರಾತ್ರಿಯ ಹೊತ್ತು ಬಲೆ ಬೀಳುವುದನ್ನು ಯಾವ ಕಾವಲುಗಾರನೂ ತಡೆಯಲಾರ.