ಮಕ್ಕಳಿಲ್ಲವೆಂಬ ನೆಪ

ಜೂನ್ ಬಂತೆಂದರೆ ಸರ್ಕಾರಿ ಶಾಲೆಯ ಮೇಷ್ಟ್ರುಗಳು ದಾಖಲಾತಿ ಆಂದೋಲನದ ಬ್ಯಾನರ್ ಹಿಡಿದು ಮನೆಮನೆ ತಿರುಗುತ್ತಾರೆ. ಪುಸ್ತಕ ಉಚಿತ, ಬಿಸಿಯೂಟ ಉಂಟು, ಹಾಲು ಉಂಟು, ಮೊಟ್ಟೆಯೂ ಉಂಟು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನ್ ಹಾರ್ನ್ ಹೊಡೆಯುತ್ತದೆ. ಮೇಷ್ಟ್ರ ಪಟ್ಟಿಯಲ್ಲಿ ಇಲ್ಲದ ಮಾತೊಂದಿದೆ: ಇದು ಎಲ್ಲರ ಶಾಲೆ.

ಆ ಮಾತಿಗಾಗಿ ಈ ನಾಡು ಕಡಿಮೆ ಹೆಣಗಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜಾತಿಯವರ ಸಿಟ್ಟಿಗೆ ಗುರಿಯಾದರು. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆ ತಂದಿತು. ಕಡ್ಡಾಯವೆಂಬುದು ಮೊದಲಿಗೆ ಆಯ್ದ ಊರುಗಳಿಗಷ್ಟೇ. ಕಾಯಿದೆಗಿಂತ ಕಷ್ಟದ ಪರೀಕ್ಷೆ ಅದೇ ದಶಕದಲ್ಲಿ ಎದುರಾಯಿತು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗೆ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೂ ಬರಬಹುದು ಎಂದಾಗ ಮೇಲ್ಜಾತಿಯವರು ತಕರಾರು ತೆಗೆದರು. ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದವರೂ ಇದ್ದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವಾಗಲಿ, ವಿದ್ಯಾ ಇಲಾಖೆಯ ಹೊಣೆ ಹೊತ್ತಿದ್ದ ಸಿ.ಆರ್. ರೆಡ್ಡಿಯವರಾಗಲಿ ಹಿಂದೆ ಸರಿಯಲಿಲ್ಲ.

ಬಿಡಿಸಿಕೊಂಡು ಹೋಗುವುದು ಈಗಲೂ ನಡೆದಿದೆ, ಗಲಾಟೆಯಿಲ್ಲದೆ, ಫೀಸು ಕಟ್ಟಿ. ಎಲ್ಲರ ಕಾರಣವೂ ಜಾತಿಯಲ್ಲ. ಕೂಲಿ ಮಾಡುವ ತಾಯಿಯೂ ಸಾಲ ತಂದು ಮಗಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸುತ್ತಾಳೆ. ಅವಳಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ; ಪತ್ರಿಕೆಯವರ ಮಕ್ಕಳು ಎಲ್ಲಿ ಓದುತ್ತಾರೆಂದು ಯಾರೂ ಕೇಳದಿರುವುದೇ ಕ್ಷೇಮ.

ಆದರೆ ಸರ್ಕಾರಕ್ಕೆ ಈ ರಿಯಾಯಿತಿ ಸಲ್ಲದು. ಶಿಕ್ಷಣ ಹಕ್ಕು ಕಾಯಿದೆಯ ಶೇ 25ರ ಸೀಟುಗಳಡಿ ಬಡವರ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿ ಬಿಲ್ಲನ್ನು ತಾನೇ ಕಟ್ಟಿತು. ಪಕ್ಕದಲ್ಲೇ ತನ್ನ ಶಾಲೆ ಇದ್ದರೆ ಆ ಸೀಟು ಕೊಡಬೇಕಿಲ್ಲವೆಂದು ನಿಯಮ ತಿದ್ದಲು 2019 ಬರಬೇಕಾಯಿತು. ಅಷ್ಟೊತ್ತಿಗೆ, ತನ್ನ ಶಾಲೆಯ ಮೇಲೆ ಸರ್ಕಾರಕ್ಕೇ ನಂಬಿಕೆಯಿಲ್ಲವೆಂಬುದು ಊರೂರಿಗೆ ತಿಳಿದಿತ್ತು.

ಶಾಲೆಯೊಳಗೆ ಹೊಕ್ಕು ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಒಳ್ಳೆಯ ಪದ್ಧತಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ವೇಗದಲ್ಲಿ ಕಲಿಯಬೇಕು. ಅದಕ್ಕೆ ನೆರವು ಬೇಕಾದ ಗುಂಪಿನ ಪಕ್ಕ ಕೂರಬಲ್ಲ ಶಿಕ್ಷಕಿ ಬೇಕು. ಏಕೋಪಾಧ್ಯಾಯ ಶಾಲೆಯಲ್ಲಿ ಆಕೆ ಮೊಟ್ಟೆಯ ಲೆಕ್ಕ ಬರೆಯುತ್ತಿರುತ್ತಾರೆ, ಇಲ್ಲವೇ ಮತದಾರರ ಪಟ್ಟಿ ಹಿಡಿದು ಬೀದಿಯಲ್ಲಿರುತ್ತಾರೆ. ಕಾರ್ಡುಗಳು ಗೋಡೆಯ ಮೇಲೆ ತೂಗಾಡುತ್ತವೆ. ಇದನ್ನು ಕಂಡ ಪೋಷಕರು ಟಿಸಿ ಕೇಳಿದರೆ ಅಚ್ಚರಿಯೇನು? ಆಮೇಲೆ ‘ಮಕ್ಕಳಿಲ್ಲ’ ಎಂಬ ಷರಾ, ಅದರ ಬೆನ್ನಿಗೇ ಶಾಲೆಯನ್ನು ಇನ್ನೊಂದು ಶಾಲೆಯೊಂದಿಗೆ ವಿಲೀನ ಮಾಡುವ ಮಾತು.

ವಿಲೀನಕ್ಕೆ ಶಾಲೆಗಳ ಪಟ್ಟಿ ಮಾಡುವ ಮುನ್ನ ಇಲಾಖೆ ಇನ್ನೊಂದು ಪಟ್ಟಿ ಪ್ರಕಟಿಸಲಿ. ಆ ಶಾಲೆಯಲ್ಲಿ ಕಾಯಂ ಶಿಕ್ಷಕರ ಹುದ್ದೆ ಎಷ್ಟು ವರ್ಷದಿಂದ ಖಾಲಿ, ಇದ್ದವರು ವರ್ಷದಲ್ಲಿ ಎಷ್ಟು ದಿನ ಬೇರೆ ಡ್ಯೂಟಿಯಲ್ಲಿದ್ದರು, ಅತಿಥಿ ಶಿಕ್ಷಕರು ಬಂದದ್ದು ಯಾವ ತಿಂಗಳಲ್ಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅದನ್ನು ಓದಿ ಹೇಳಿದ ಮೇಲೆ ಮಕ್ಕಳ ತಲೆ ಎಣಿಸಲಿ.