ದಾಖಲೆಯಿಲ್ಲದ ಉಪಾಯಗಳು, ಸುಡುತ್ತಿರುವ ಟಿಸಿಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಯಾವುದೇ ಹೊಲಕ್ಕೆ ಹೋಗಿ ಪಂಪ್‌ಸೆಟ್ಟಿನ ಪೆಟ್ಟಿಗೆ ತೆರೆದರೆ, ಬರೀ ಸ್ಟಾರ್ಟರ್ ಇರುವುದು ಅಪರೂಪ. ಪಕ್ಕದಲ್ಲಿ ಆಟೋ ಸ್ಟಾರ್ಟರ್ ಇರುತ್ತದೆ, ಕಂಡೆನ್ಸರ್ ಇರುತ್ತದೆ, ಈಚೆಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಕೂಡ ಸೇರಿಕೊಂಡಿದೆ. ಮೋಟಾರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಯಾವಾಗ ಬರುತ್ತದೋ, ಎಷ್ಟು ಫೇಸ್ ಇರುತ್ತದೋ, ಎಷ್ಟು ವೋಲ್ಟ್ ಸಿಗುತ್ತದೋ ತಿಳಿಯದ ಕರೆಂಟಿನೊಂದಿಗೆ ಏಗಲು ರೈತ ಒಂದೊಂದಾಗಿ ಕೂಡಿಸಿಕೊಂಡ ಉಪಾಯಗಳಿವು. ಈ ಉಪಾಯಗಳೇ ಈಗ ವ್ಯವಸ್ಥೆಯಾಗಿ ನಿಂತಿವೆ. ಅವುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ ಎಂಬುದು ನಮ್ಮ ಆತಂಕ.

ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಮಾತು. 2023ರ ಬರಗಾಲದಲ್ಲಿ ಅದು ಐದಕ್ಕೆ ಇಳಿದದ್ದೂ ಉಂಟು. ಆ ಗಂಟೆಗಳು ಹಗಲೊಂದಿಷ್ಟು, ರಾತ್ರಿಯೊಂದಿಷ್ಟು ಎಂದು ಹಂಚಿಹೋಗುತ್ತವೆ, ಪಾಳಿ ಬದಲಾಗುತ್ತದೆ, ನಡುವೆ ಲೈನ್ ಟ್ರಿಪ್ ಆಗುತ್ತದೆ. ಹಾವು ಚೇಳಿನ ಕತ್ತಲಲ್ಲಿ ಬೋರ್‌ವೆಲ್ ಕಾಯುತ್ತ ಕೂರಲಾಗದವನು ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ಅವನದು ತಪ್ಪೆನ್ನಲು ನಮಗೆ ಮನಸ್ಸು ಬಾರದು.

ಆದರೆ ಲೆಕ್ಕ ಹಾಕಿ ನೋಡಿ. 63 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಒಂದೊಂದು ಫೇಸಿನಲ್ಲಿ ಸುಮಾರು 84 ಆಂಪಿಯರ್ ಕೊಡಬಲ್ಲದು. ಐದು ಎಚ್‌ಪಿ ಮೋಟಾರು ಓಡುವಾಗ ಎಳೆಯುವುದು ಸುಮಾರು 8 ಆಂಪಿಯರ್. ಅಂಥ ಹತ್ತು ಮೋಟಾರುಗಳನ್ನು ಈ ಟಿಸಿ ಹೇಗೋ ತಾಳಿಕೊಳ್ಳುತ್ತದೆ. ಶುರುವಾಗುವ ಗಳಿಗೆಯಲ್ಲಿ ಮಾತ್ರ ಪ್ರತಿ ಮೋಟಾರೂ ಸುಮಾರು ಆರು ಪಟ್ಟು ಎಳೆಯುತ್ತದೆ. ಹತ್ತೂ ಆಟೋದಲ್ಲಿದ್ದರೆ, ಕರೆಂಟ್ ಬಂದ ಕೂಡಲೇ ಟಿಸಿಯ ಮೇಲೆ ಬೀಳುವುದು 480 ಆಂಪಿಯರ್. ವೋಲ್ಟೇಜ್ ಕುಸಿಯುತ್ತದೆ. 415 ಇರಬೇಕಾದ್ದು 300ಕ್ಕೆ ಇಳಿದರೆ ಮೋಟಾರಿನ ತಿರುಗುಬಲ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನೀರಿನ ಭಾರ ಹೊತ್ತ ಪಂಪು ವೇಗಕ್ಕೆ ಏರದೆ ಮುಕ್ಕರಿಯುತ್ತ ಅದೇ ಭಾರಿ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಕ್ಷಣದಲ್ಲಿ ಮುಗಿಯಬೇಕಾದ ಹೊರೆ ಮುಗಿಯುವುದೇ ಇಲ್ಲ. ವೈಂಡಿಂಗ್ ಸುಡುತ್ತದೆ, ಫ್ಯೂಸ್ ಹೋಗುತ್ತದೆ. ಫ್ಯೂಸ್ ಪದೇ ಪದೇ ಹೋಗುವ ಕಡೆ ದಪ್ಪ ತಂತಿ ಬಿಗಿಯುತ್ತಾರೆ. ಆಮೇಲೆ ಸುಡುವ ಸರದಿ ಟಿಸಿಯದ್ದು.

ಕಂಡೆನ್ಸರ್ ಕಥೆ ಇನ್ನೂ ಕಷ್ಟದ್ದು. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಇದ್ದಷ್ಟು ಫೇಸಿನಲ್ಲೇ ಮೋಟಾರ್ ಓಡಿಸಲು ಅದನ್ನು ಹಾಕುತ್ತಾರೆ. ಹಾಗೆ ಓಡಿದ ಮೋಟಾರಿನಲ್ಲಿ ಹೊರೆ ಸಮನಾಗಿ ಹಂಚಿಕೆಯಾಗದೆ ಒಂದೆರಡು ಸುರುಳಿಗಳು ಕಾದು ಕೆಂಪಾಗುತ್ತವೆ. ವಿಷಾದವೆಂದರೆ, ಪವರ್ ಫ್ಯಾಕ್ಟರ್ ಸುಧಾರಿಸಿ ಲೈನಿನ ಹೊರೆಯನ್ನು ನಿಜಕ್ಕೂ ಇಳಿಸಬಲ್ಲ ಇನ್ನೊಂದು ಬಗೆಯ ಕೆಪಾಸಿಟರ್ ಇದೆ. ಐದು ಎಚ್‌ಪಿಗೆ ಸುಮಾರು ಎರಡು ಕೆವಿಎಆರ್ ಸಾಕು. ಎಷ್ಟೋ ಪೆಟ್ಟಿಗೆಗಳಲ್ಲಿ ಅದೇ ಇರುವುದಿಲ್ಲ.

ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ರಾಜ್ಯದಲ್ಲಿ ವಿದ್ಯುತ್ ಉಚಿತ. ರೈತನಿಗೆ ಅದು ಸಲ್ಲಬೇಕು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರ್ ಇಲ್ಲ. ಬೋರ್‌ವೆಲ್ ಆಳಕ್ಕೆ ಇಳಿದಂತೆ ಐದು ಎಚ್‌ಪಿ ಇದ್ದ ಜಾಗಕ್ಕೆ ಏಳೂವರೆ ಬರುತ್ತದೆ, ಕಾಗದದಲ್ಲಿ ಐದೇ ಉಳಿಯುತ್ತದೆ. ಯಾವ ಟಿಸಿಯ ಕೆಳಗೆ ಎಷ್ಟು ಎಚ್‌ಪಿ ಇದೆ ಎಂದು ಖಚಿತವಾಗಿ ಹೇಳುವವರು ಯಾರು? ಲೈನ್‌ಮನ್ನನ ಅಂದಾಜೇ ಲೆಕ್ಕ. ಅವನಿಗೆ ವರ್ಗವಾದರೆ ಆ ಅಂದಾಜೂ ಅವನ ಜೊತೆಗೇ ಹೋಗುತ್ತದೆ.

ಯಂತ್ರದ ವಕ್ರಬುದ್ಧಿಯನ್ನು ಸಹಿಸಿಕೊಂಡು ಕೆಲಸ ಸಾಗಿಸುವುದು ನಮ್ಮ ಹೊಲಗಳಿಗಷ್ಟೇ ಬಂದ ಕಷ್ಟವಲ್ಲ. ಕಂಪ್ಯೂಟರ್ ಲೋಕದಲ್ಲೂ ಇದು ನಿತ್ಯದ ಪಾಡು. ವಿದ್ಯುತ್ ಉಳಿಸಲು ನಿದ್ದೆಗೆ ಜಾರಿ ಮತ್ತೆ ಏಳದ ಯುಎಸ್‌ಬಿ ಸಾಧನಗಳುಂಟು, ಮಿತವ್ಯಯದ ಸ್ಥಿತಿಗೆ ಇಳಿದು ಕಾಣೆಯಾಗುವ ಡಿಸ್ಕುಗಳುಂಟು. ಅವುಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಬರೆಯುವವರು ಸುತ್ತುದಾರಿ ಹುಡುಕಲೇಬೇಕು. ಲಿನಕ್ಸ್ ಕರ್ನೆಲ್‌ನಲ್ಲಿ ಇಂಥ ಸುತ್ತುದಾರಿಗಳಿಗೆ ಕ್ವರ್ಕ್ ಎಂಬ ಹೆಸರಿದೆ, ಅವುಗಳ ಪಟ್ಟಿಯೇ ಸಾವಿರಾರು ಸಾಲು ಬೆಳೆದಿದೆ. 2017ರಲ್ಲಿ ಎನ್‌ವಿಎಂಇ ಡಿಸ್ಕುಗಳಿಗೆ ತಾನಾಗಿ ವಿದ್ಯುತ್ ಉಳಿಸುವ ಸೌಲಭ್ಯ ಬಂದಾಗ, ಕೆಲವು ಮಾದರಿಗಳು ತಡವರಿಸಿದವು. ಆ ಮಾದರಿಗಳಿಗೆ ಮಾತ್ರ ಅದನ್ನು ತಡೆದು, ಉಳಿದವಕ್ಕೆ ಹಾಗೇ ಬಿಟ್ಟರು. ಯಾವ ಕಂಪನಿಯ ಯಾವ ಮಾದರಿ, ಏನು ದೋಷ, ಪರಿಹಾರ ಬರೆದವರು ಯಾರು, ಯಾವ ದಿನ, ಯಾಕೆ ಎಂಬುದೆಲ್ಲ ಲೋಕಕ್ಕೇ ಕಾಣುವಂತೆ ಬರೆದಿಟ್ಟಿದೆ. ನಾಳೆ ಯಂತ್ರ ಸರಿಹೋದರೆ ಆ ಸಾಲನ್ನು ತೆಗೆಯಬಹುದು. ನಮ್ಮಲ್ಲಿ ಒಮ್ಮೆ ಹಾಕಿದ ಉಪಾಯವನ್ನು ತೆಗೆಯುವಂತಿಲ್ಲ. ಯಾಕೆ ಹಾಕಿದ್ದೆಂದು ಬರೆದವರೇ ಇಲ್ಲ.

ಆಟೋ ಸ್ಟಾರ್ಟರ್ ಕಿತ್ತುಹಾಕುವ ಕಾರ್ಯಾಚರಣೆಯಿಂದ ಪ್ರಯೋಜನವಿಲ್ಲ. ಕಾರಣ ಹಾಗೇ ಉಳಿದಿರುವಾಗ, ಕಿತ್ತದ್ದು ವಾರದೊಳಗೆ ಮತ್ತೆ ಗೋಡೆಗೆ ಬರುತ್ತದೆ. ಅದರ ಬದಲು ಒಂದು ಕೆಲಸ ಮಾಡಬಹುದು. ಕರೆಂಟ್ ಬಂದ ಮೇಲೆ ಎಷ್ಟು ಹೊತ್ತು ಕಾದು ಮೋಟಾರ್ ಶುರು ಮಾಡಬೇಕೆಂದು ಹೊಂದಿಸುವ ಸೌಲಭ್ಯ ಹಲವು ಆಟೋ ಮತ್ತು ಮೊಬೈಲ್ ಸ್ಟಾರ್ಟರ್‌ಗಳಲ್ಲಿದೆ. ಒಂದು ಟಿಸಿಯ ಹತ್ತು ಮೋಟಾರುಗಳನ್ನು ಹದಿನೈದು ಸೆಕೆಂಡು ಅಂತರದಲ್ಲಿ ಎಬ್ಬಿಸಿದರೆ ಎಲ್ಲವೂ ಎರಡೂವರೆ ನಿಮಿಷದಲ್ಲಿ ಓಡುತ್ತಿರುತ್ತವೆ. ಟಿಸಿಯ ಮೇಲೆ ಒಮ್ಮೆಗೆ ಒಂದೇ ಮೋಟಾರಿನ ಶುರುವಿನ ಹೊರೆ. ಇದಕ್ಕೆ ಹೊಸ ಯೋಜನೆಯೂ ಬೇಡ, ಟೆಂಡರೂ ಬೇಡ. ಅದೇ ಟಿಸಿಯ ರೈತರು ಒಂದು ಸಂಜೆ ಕೂತು ಸರದಿ ಗೊತ್ತುಮಾಡಿಕೊಳ್ಳಬೇಕು, ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್‌ನ ಎಂಜಿನಿಯರ್ ಎದುರಿಗಿದ್ದು ಸೆಟ್ಟಿಂಗ್ ಮಾಡಿಸಬೇಕು. ಜೊತೆಗೆ ತ್ರೀ ಫೇಸ್ ಕೊಡುವ ವೇಳೆಯನ್ನು ಮೊದಲೇ ಹೇಳಿ, ಹೇಳಿದ ವೇಳೆಗೇ ಕೊಡುವ ಶಿಸ್ತು ನಿಗಮಕ್ಕೂ ಬೇಕು. ಅದಿಲ್ಲದೆ ಹೊಣೆಯನ್ನೆಲ್ಲ ರೈತನ ಮೇಲೆ ಹೇರುವುದು ಅನ್ಯಾಯ.

ಹಳ್ಳಿಗಳಲ್ಲಿ ಸುಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂಬ ನಿಯಮವಿದೆ. ಟಿಸಿ ಬದಲಾಗುತ್ತದೆ, ಯಾಕೆ ಸುಟ್ಟಿತೆಂಬುದು ಮಾತ್ರ ಅದರ ಕೆಳಗಿನ ರೈತರಿಗೆ ತಿಳಿಯುವುದಿಲ್ಲ. ಅದೇ ಹೊರೆಯ ಕೆಳಗೆ ಹೊಸದನ್ನು ನಿಲ್ಲಿಸಿದರೆ ಅದರ ಗತಿಯೂ ಅದೇ. ಪ್ರತಿ ಟಿಸಿಯ ಕಂಬಕ್ಕೆ ಒಂದು ಫಲಕ ಬೇಕು: ಸಾಮರ್ಥ್ಯ, ಕೆಳಗಿರುವ ಮೋಟಾರುಗಳ ನಿಜವಾದ ಎಚ್‌ಪಿ, ಹಿಂದೆ ಸುಟ್ಟ ದಿನ, ಸುಟ್ಟ ಕಾರಣ. ನಿಜ ಹೇಳಿದ ರೈತನಿಗೆ ದಂಡ ಹಾಕುವುದಿಲ್ಲ ಎಂಬ ಭರವಸೆಯನ್ನು ಮೊದಲು ಕೊಡಬೇಕು, ಇಲ್ಲವಾದರೆ ಯಾರೂ ಬಾಯಿ ಬಿಡುವುದಿಲ್ಲ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಮೊಸಳೆಹೊಸಹಳ್ಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಎಲೆಕ್ಟ್ರಿಕಲ್ ವಿಭಾಗದ ವಿದ್ಯಾರ್ಥಿಗಳು ಕ್ಲ್ಯಾಂಪ್ ಮೀಟರ್ ಹಿಡಿದು ನಾಲ್ಕೂ ತಾಲ್ಲೂಕಿನ ಫೀಡರುಗಳನ್ನು ಅಳೆಯಲಿ, ಅಳೆದದ್ದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಸೆಸ್ಕ್ ಮತ್ತು ಜಿಲ್ಲಾಡಳಿತ ಈ ಕೆಲಸವನ್ನು ಮಳೆಗಾಲದಲ್ಲೇ ಶುರು ಮಾಡಬೇಕು. ಫೆಬ್ರವರಿಯಲ್ಲಿ ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಓಡತೊಡಗಿದ ಮೇಲೆ ಅಳೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ.