ಉಪ್ಪಿನ ಋಣ

ಕಾರವಾರದ ಒಂದೇ ಕೇರಿಯಲ್ಲಿ ಉಪ್ಪಿಗೆ ಮೂರು ಹೆಸರುಂಟು. ಕನ್ನಡದ ಮನೆಯಲ್ಲಿ ಅದು ಉಪ್ಪು, ಕೊಂಕಣಿಯ ಮನೆಯಲ್ಲಿ ಮೀಟ, ಉರ್ದು ಮಾತಿನ ಮನೆಯಲ್ಲಿ ನಮಕ್. ಹೆಸರು ಬೇರೆಯಾದರೂ ರುಚಿಯೊಂದೇ ಎಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕರಾವಳಿಯು ಕಂಡ ರಾಜಕೀಯ ಪಲ್ಲಟಗಳು ಒಂದೆರಡಲ್ಲ. 1799ರಲ್ಲಿ ಟೀಪೂ ಸುಲ್ತಾನನ ಪತನವಾದ ಮೇಲೆ ಇದು ಕಂಪೆನಿ ಸರಕಾರದ ಮದರಾಸು ಆಧಿಪತ್ಯಕ್ಕೊಳಗಾಯಿತು. 1862ರಲ್ಲಿ ಮುಂಬಯಿ ಇಲಾಖೆಯನ್ನೂ 1956ರಲ್ಲಿ ಮೈಸೂರು ರಾಜ್ಯವನ್ನೂ ಸೇರಿತು. ಅನಂತರವೂ ಕಾರವಾರವು ತನಗೆ ಸಲ್ಲತಕ್ಕದ್ದೆಂದು ಮಹಾರಾಷ್ಟ್ರವು ವಾದ ಹೂಡಿತು. ಎಲ್ಲೆಗಳು ಅಲುಗಿದಾಗಲೆಲ್ಲ, ಈ ನೆಲದ ಚರಿತ್ರೆ ಯಾವ ನುಡಿಯವರ ಸೊತ್ತು ಎಂಬ ಜಗಳವೂ ಏಳುವುದುಂಟು.

ಅಂಥ ಹೊತ್ತಿನಲ್ಲಿ ನಾವು 1930ನೆಯ ಏಪ್ರಿಲ್ 13ನ್ನು ನೆನೆಯುತ್ತೇವೆ. ಅಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಆ ತಾಲೂಕಿನಲ್ಲಿ ಆಗಲೂ ಕನ್ನಡ, ಕೊಂಕಣಿ ಎರಡೂ ಮನೆಮಾತುಗಳೇ. ಕಾಯಿದೆಯಾದರೋ ಎಲ್ಲರ ಉಪ್ಪಿನ ಮೇಲೂ ಒಂದೇ ಸಮನೆ ಕರ ಹೇರಿತ್ತು. 1932ರ ಕರನಿರಾಕರಣೆಯಲ್ಲಿ ಅಲ್ಲಿಯ ರೈತರು ತಮ್ಮ ಭೂಮಿಗಳು ಜಪ್ತಿಯಾಗುವುದನ್ನು ಕಣ್ಣಾರೆ ಕಂಡರೂ ಮಣಿಯಲಿಲ್ಲ. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದುದು ಸುಮ್ಮನೆ ಅಲ್ಲ.

ಮುಂದಾಳುಗಳ ಹೆಸರು ಗ್ರಂಥಗಳಲ್ಲಿದೆ. ಆದರೆ ಗಂಡಸರು ಸೆರೆಮನೆಗೆ ಹೋದಾಗ ಒಲೆ ಹೊತ್ತಿಸಿದವರು ಯಾರು? ಜಪ್ತಿಯ ದಿನ ಮಕ್ಕಳಿಗೆ ಏನು ಹೇಳಿದರು? ಇದು ಮನೆಯ ಹಿರಿಯರ ಬಾಯಿಯಲ್ಲಿ ಮಾತ್ರ ಉಳಿಯತಕ್ಕ ಚರಿತ್ರೆ. ಬಾಯಿ ಮುಚ್ಚಿದರೆ ಅದೂ ಮುಚ್ಚಿತು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರವರಿಯದೆಯೂ ಹಾಲಕ್ಕಿ ಒಕ್ಕಲಿಗರ ಅಸಂಖ್ಯ ಹಾಡುಗಳನ್ನು ಕಂಠದಲ್ಲಿ ಕಾಪಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2025ರಲ್ಲಿ ಅವರು ತೀರಿಕೊಂಡರು. ಅವರಿಂದ ಕಲಿತದ್ದು ಉಳಿಯಿತು, ಕಲಿಯದೆ ಬಿಟ್ಟದ್ದು ಅವರೊಡನೆಯೇ ಹೋಯಿತು.

ಆದುದರಿಂದ ನಮ್ಮ ವಾಚಕರಲ್ಲಿ ಒಂದು ಅರಿಕೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಈ ಸಂಜೆಯೇ ಬಳಿಯಲ್ಲಿ ಕುಳಿತು ಕೇಳಿರಿ, ಕೇಳಿದುದನ್ನು ಬರೆದಿಡಿರಿ. ಅವರು ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲಿಯೇ, ಹಾಲಕ್ಕಿಗನ್ನಡದಲ್ಲಿ ಹೇಳಿದರೆ ಹಾಗೆಯೇ ಬರೆಯಿರಿ, ತಿದ್ದಬೇಡಿರಿ. ನೆರೆಮನೆಯವರ ನೆನಪಿಗೂ ಕಿವಿಗೊಡಿರಿ. ಉಪ್ಪಿನ ಮೇಲೆ ಒಬ್ಬರೇ ಒಡೆತನ ಹೂಡಿದುದನ್ನು ನಮ್ಮ ಹಿರಿಯರು ಒಪ್ಪಲಿಲ್ಲ. ಅವರ ನೆನಪಿನ ಮೇಲೆ ಒಂದೇ ನುಡಿಯವರು ಒಡೆತನ ಹೂಡುವುದನ್ನು ನಾವಾದರೂ ಏಕೆ ಒಪ್ಪಬೇಕು? ಅವರ ಉಪ್ಪುಂಡ ನಮಗೆ ಇಷ್ಟು ಋಣ ಸಲ್ಲಿಸುವುದು ಭಾರವಾಗಲಾರದು.